ಗೆದ್ದೇ ಗೆಲ್ಲುವ ಟಿ-ಪರೀಕ್ಷೆ

ಬಿಎಸ್ಸಿ ನರ್ಸಿಂಗ್ ಓದುವವರಲ್ಲಿ ‘ರಿಸರ್ಚ್ ಅಂಡ್ ಸ್ಟ್ಯಾಟ್ಸ್’ ಅಂದರೆ ಕಬ್ಬಿಣದ ಕಡಲೆ ಎಂಬ ಮಾತು ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟಿಕೊಂಡು ಬಂದಿದೆ. ಈ ಖ್ಯಾತಿಗೆ ಆಧಾರವಿಲ್ಲ. ಅನಾಟಮಿಯಲ್ಲಿ ಬ್ಯಾಕ್ ಉಳಿಸಿಕೊಂಡ ಹುಡುಗ ಹುಡುಗಿಯರೂ ಸ್ಟ್ಯಾಟ್ಸನ್ನು ಒಂದೇ ಏಟಿಗೆ ಪಾಸು ಮಾಡಿದ್ದನ್ನು ನೋಡುತ್ತಲೇ ಇರುತ್ತೇವೆ. ಸೀನಿಯರ್‌ಗಳ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಸರಾಸರಿಯ ಗುಣದೋಷಗಳು, ಸ್ಯಾಂಪ್ಲಿಂಗ್ ವಿಧಗಳು, ಕಾಲಂ ಹಾಕಿ ಬಿಡಿಸುವ ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಒಂದು: ಇಷ್ಟು ಕೈಯಲ್ಲಿದ್ದರೆ ದಡ ಸೇರಬಹುದು. ಈ ಪಠ್ಯ ಕಷ್ಟವೆಂದು ನನ್ನ ತಕರಾರಲ್ಲ. ಅದು ಅತಿ ಸುಲಭ, ಮತ್ತು ಆ ಸುಲಭವನ್ನೇ ಸಂಶೋಧನೆ ಎಂದು ಕಲಿಸುತ್ತಿದೆ.

ಭಾರತೀಯ ನರ್ಸಿಂಗ್ ಪರಿಷತ್ತಿನ ಸೆಮಿಸ್ಟರ್ ಪದ್ಧತಿ, ಏಳನೆಯ ಸೆಮಿಸ್ಟರಿನಲ್ಲಿ ಈ ವಿಷಯ ಬರುವುದು, ಪ್ರವೇಶಕ್ಕೆ ಪಿಯುಸಿ ಗಣಿತ ಕಡ್ಡಾಯವಲ್ಲದಿರುವುದು, ಇವೆಲ್ಲ ಓದುಗರಿಗೆ ಗೊತ್ತಿರುವುದೇ. ನಾನು ನೇರವಾಗಿ ಈ ಪಠ್ಯದ ಮುದ್ದಿನ ಕೂಸಿನ ಹತ್ತಿರ ಹೋಗುತ್ತೇನೆ. ಅದರ ಹೆಸರು ಎಸ್‌ಟಿಪಿ, ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ. ಬಿಎಸ್ಸಿಯ ಗುಂಪು ಪ್ರಾಜೆಕ್ಟಿನಿಂದ ಎಂಎಸ್ಸಿ ಪ್ರಬಂಧದವರೆಗೆ ಇದರದೇ ರಾಜ್ಯಭಾರ. ಶೀರ್ಷಿಕೆಯ ಅಚ್ಚು ಬದಲಾಗುವುದಿಲ್ಲ: ಇಂಥ ವಿಷಯದ ಬಗ್ಗೆ, ಇಂಥವರ ತಿಳಿವಳಿಕೆಯ ಮೇಲೆ, ಆಯ್ದ ಆಸ್ಪತ್ರೆಯೊಂದರಲ್ಲಿ, ಎಸ್‌ಟಿಪಿಯ ಪರಿಣಾಮಕಾರಿತ್ವವನ್ನು ಅಳೆಯುವ ಅಧ್ಯಯನ. ಖಾಲಿ ಜಾಗದಲ್ಲಿ ಎದೆಹಾಲು, ರಕ್ತಹೀನತೆ, ಮಧುಮೇಹದವರ ಪಾದದ ಆರೈಕೆ, ಏನನ್ನಾದರೂ ತುಂಬಬಹುದು.

ಒಂದನ್ನು ಬಿಡಿಸಿ ನೋಡೋಣ. ಅಂಕಿಗಳು ನಾನೇ ಕಟ್ಟಿದವು, ಆದರೆ ಇಂಥ ಪ್ರಬಂಧ ಓದಿದವರಿಗೆ ಹೊಸವೆನಿಸಲಾರವು. 60 ತಾಯಂದಿರು, ಎದೆಹಾಲುಣಿಸುವ ಬಗ್ಗೆ 30 ಪ್ರಶ್ನೆಗಳು. ಪ್ರೀ-ಟೆಸ್ಟಿನ ಸರಾಸರಿ 11.4. ಆಮೇಲೆ ಚಾರ್ಟು, ಫ್ಲ್ಯಾಶ್ ಕಾರ್ಡು ಹಿಡಿದು ಮುಕ್ಕಾಲು ಗಂಟೆಯ ಪಾಠ. ಏಳನೆಯ ದಿನ ಅದೇ 30 ಪ್ರಶ್ನೆಗಳ ಪೋಸ್ಟ್-ಟೆಸ್ಟ್, ಸರಾಸರಿ 22.8. ವ್ಯತ್ಯಾಸ 11.4, ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 4.8. ಅದನ್ನು 60ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.62. ಪೇರ್ಡ್ ಟಿ ಮೌಲ್ಯ 18.4. ಕೋಷ್ಟಕದ ಮೌಲ್ಯ 2.00. ಶೂನ್ಯ ಊಹೆ ತಿರಸ್ಕೃತ, ಎಸ್‌ಟಿಪಿ ಪರಿಣಾಮಕಾರಿ, ಗೈಡ್ ಮೇಡಂ ಸಹಿ, ಬೈಂಡಿಂಗ್.

ಇಲ್ಲಿ ಸೋತವರು ಯಾರು? ಪಾಠದಲ್ಲಿ ಉತ್ತರ ಹೇಳಿಕೊಟ್ಟು ಅದೇ ಪ್ರಶ್ನೆಯನ್ನು ವಾರದೊಳಗೆ ಮತ್ತೆ ಕೇಳಿದರೂ ಅಂಕ ಏರುವುದಿಲ್ಲ ಎಂಬುದು ಶೂನ್ಯ ಊಹೆ. ಅದನ್ನು ನಂಬುವ ಮನುಷ್ಯ ಭೂಮಿಯ ಮೇಲಿಲ್ಲ. ಯಾರೂ ನಂಬದ ಮಾತನ್ನು ಎತ್ತಿ ನಿಲ್ಲಿಸಿ ಕೆಡವುವುದಕ್ಕೆ ಗಾಸೆಟ್ ಬೇಕಿರಲಿಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಆತ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಈ ವಿಧಾನವನ್ನು ಪ್ರಕಟಿಸಿದ್ದು, ಕೈಯಲ್ಲಿರುವ ಮಾದರಿ ಸಣ್ಣದಾದಾಗ ನಮ್ಮ ಅನಿಶ್ಚಯ ಎಷ್ಟೆಂದು ತಿಳಿಯುವುದಕ್ಕೆ. ಅನುಮಾನಕ್ಕೆಂದು ಹುಟ್ಟಿದ ಸಲಕರಣೆ ನಮ್ಮಲ್ಲಿ ಅನುಮಾನ ಮುಚ್ಚುವ ಮೊಹರಾಗಿದೆ.

ಇದೇ ಲೆಕ್ಕವನ್ನು ಸ್ವಲ್ಪ ತಿರುಚಿ. ಸರಾಸರಿ ಏರಿಕೆ 11.4ರ ಬದಲು ಬರೀ ಒಂದೂವರೆ ಅಂಕ ಎಂದಿಟ್ಟುಕೊಳ್ಳಿ, ಉಳಿದದ್ದು ಹಾಗೇ ಇರಲಿ. ಟಿ ಮೌಲ್ಯ 2.4. ಆಗಲೂ 2.00 ದಾಟಿತು, ಆಗಲೂ ‘ಪರಿಣಾಮಕಾರಿ’. 30ಕ್ಕೆ ಒಂದೂವರೆ ಅಂಕ ಹೆಚ್ಚು ಪಡೆದ ತಾಯಿಯ ಮಗುವಿಗೆ ಅದರಿಂದ ಏನು ಸಿಕ್ಕಿತು ಎಂದು ವೈವಾದಲ್ಲಿ ಕೇಳುವ ಪರೀಕ್ಷಕರು ಅಪರೂಪ. ಪಿ ಮೌಲ್ಯ ಪರಿಣಾಮದ ಗಾತ್ರವನ್ನು ಹೇಳುವುದಿಲ್ಲ ಎಂದು ಅಮೆರಿಕದ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ನಮ್ಮ ಪ್ರಬಂಧಗಳ ಐದನೆಯ ಅಧ್ಯಾಯಕ್ಕೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಮುಂದಿನ ಪುಟದಲ್ಲಿ ಮೂರು ಬಣ್ಣದ ಬಾರ್ ಚಾರ್ಟು. ಶೇ. 50ರವರೆಗೆ ತಿಳಿವಳಿಕೆ ‘ಸಾಲದು’, 75ರವರೆಗೆ ‘ಸಾಧಾರಣ’, ಅದರ ಮೇಲೆ ‘ಸಾಕಷ್ಟು’. ಈ ಗೆರೆಗಳನ್ನು ಯಾಕೆ ಅಲ್ಲೇ ಎಳೆದರು ಎಂದು ಯಾರೂ ಬರೆಯುವುದಿಲ್ಲ. 22ರಿಂದ 23ಕ್ಕೆ ಹೋದ ತಾಯಿ ಮೇಲಿನ ತರಗತಿಗೆ ಪಾಸು. 16ರಿಂದ 22ಕ್ಕೆ ಏರಿದ ತಾಯಿ ಇದ್ದಲ್ಲೇ ಇದ್ದಾಳೆ. ಅಳೆದು ಪಡೆದ ವಿವರವನ್ನು ಬಣ್ಣ ಹಚ್ಚುವುದಕ್ಕಾಗಿ ಚೆಲ್ಲಿಬಿಟ್ಟದ್ದು ಇದು.

ಇನ್ನು ಕೈ-ಸ್ಕ್ವೇರ್. ವಯಸ್ಸು, ಧರ್ಮ, ಓದು, ಆದಾಯ, ಕುಟುಂಬದ ಬಗೆ, ಮಾಹಿತಿಯ ಮೂಲ ಹೀಗೆ ಹತ್ತು ಅಂಶಗಳ ಜೊತೆ ತಿಳಿವಳಿಕೆಗೆ ನಂಟಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಮೂರು ಮಟ್ಟಗಳ ತಿಳಿವಳಿಕೆ, ನಾಲ್ಕು ಬಗೆಯ ವಿದ್ಯಾಭ್ಯಾಸ ಎಂದರೆ 12 ಮನೆಗಳು. 60 ಜನರನ್ನು ಹಂಚಿದರೆ ಮನೆಗೆ ಸರಾಸರಿ ಐವರು. ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದ ಮನೆಗಳು ಹೆಚ್ಚಿದ್ದಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ ಎಂಬ ಎಚ್ಚರಿಕೆ ಪಠ್ಯಪುಸ್ತಕದಲ್ಲೇ ಇದೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೂ ಬರುತ್ತದೆ, ಪ್ರಬಂಧದಲ್ಲಿ ಮಾತ್ರ ಮಾಯ. ಅದಿರಲಿ. ಯಾವ ನಂಟೂ ಇಲ್ಲದಿದ್ದರೂ 0.05ರ ಗೆರೆಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆ ಮಾಡಿದರೆ ಒಂದಾದರೂ ‘ಮಹತ್ವದ್ದು’ ಎಂದು ಬರುವ ಸಾಧ್ಯತೆ ಶೇ. 40. ಬಂದದ್ದಕ್ಕೆ ಚರ್ಚೆಯ ಅಧ್ಯಾಯದಲ್ಲಿ ಕಾರಣವೂ ಸಿದ್ಧ: ಅವಿಭಕ್ತ ಕುಟುಂಬದಲ್ಲಿ ಅತ್ತೆಯಿಂದ ಕಲಿತಿರಬಹುದು. ಆ ನಂಟು ಬಾರದಿದ್ದರೆ ಅತ್ತೆಯ ಪ್ರಸ್ತಾಪವೇ ಇರುತ್ತಿರಲಿಲ್ಲ.

ಪಠ್ಯದ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಈ ಪ್ರಾಜೆಕ್ಟಿನಿಂದಾಗಿ ವಿದ್ಯಾರ್ಥಿನಿ ಅರುವತ್ತು ಮಂದಿಯ ಎದುರು ಕೂತು ಒಪ್ಪಿಗೆ ಪಡೆದು ಮಾತಾಡಿಸುತ್ತಾಳೆ. ಅದು ಸಣ್ಣ ಸಂಗತಿಯಲ್ಲ. ಬಿ.ಕೆ. ಮಹಾಜನ್ ಅವರ ಬಯೋಸ್ಟ್ಯಾಟಿಸ್ಟಿಕ್ಸ್ ಪುಸ್ತಕದಂಥ ಹಳೆಯ ಗಟ್ಟಿ ಪುಸ್ತಕಗಳು ಲೈಬ್ರರಿಯಲ್ಲಿವೆ, ತೆಗೆದು ಓದುವವರಿಗೆ ಅಡ್ಡಿಯಿಲ್ಲ.

ಆದರೆ ಪಠ್ಯವನ್ನು ಟೀಕಿಸುವ ಇತರರ ಜೊತೆ ನನಗೆ ಇನ್ನೂ ದೊಡ್ಡ ಜಗಳವಿದೆ. ನರ್ಸಿಗೆ ಲೆಕ್ಕ ಯಾಕೆ, ಕೈಗುಣ ಸಾಲದೇ ಎನ್ನುವ ಡಾಕ್ಟರುಗಳನ್ನು ಬಿಟ್ಟುಬಿಡೋಣ. ಡ್ರಿಪ್ ನಿಮಿಷಕ್ಕೆ ಎಷ್ಟು ಹನಿ ಹೋಗಬೇಕೆಂದು ಯಾರು ಲೆಕ್ಕ ಹಾಕುತ್ತಾರೆಂದು ಅವರೇ ಒಮ್ಮೆ ವಾರ್ಡಿನಲ್ಲಿ ನಿಂತು ನೋಡಲಿ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಕಲಿಸಿದರೆ ಎಲ್ಲ ಸರಿಹೋದೀತು ಎನ್ನುವವರಿಗೂ ಒಂದೇ ಉತ್ತರ: ಕೆಟ್ಟ ಪ್ರಶ್ನೆಗೆ ಅದು ಬೇಗ ಉತ್ತರ ಕೊಡುತ್ತದೆ, ಅಷ್ಟೆ. ನನಗೆ ಸಿಟ್ಟು ಬರುವುದು ಮೂರನೆಯ ಪಂಗಡದ ಮೇಲೆ. ‘ನೈಟಿಂಗೇಲ್ ಸ್ಟ್ಯಾಟಿಸ್ಟೀಷಿಯನ್ ಆಗಿದ್ದಳು, ಹೆದರಬೇಡಿ ಮಕ್ಕಳೇ’ ಎಂದು ಮೇ 12ಕ್ಕೆ ಆಕೆಯ ಬಣ್ಣದ ವೃತ್ತಚಿತ್ರವನ್ನು ಗೋಡೆಗೆ ಅಂಟಿಸುವವರು ಇವರು. ಅಂಟಿಸುವ ಮೊದಲು ಅದನ್ನು ನೋಡಿದ್ದಾರೆಯೇ? 1858ರ ಆ ಚಿತ್ರದಲ್ಲಿ ಎರಡು ವೃತ್ತ: ಒಂದು 1854ರ ಏಪ್ರಿಲಿನಿಂದ 1855ರ ಮಾರ್ಚಿನವರೆಗೆ, ಇನ್ನೊಂದು ಅದರ ಮರುವರ್ಷದ್ದು. ತಡೆಯಬಹುದಾಗಿದ್ದ ರೋಗಗಳ ಸಾವು ನೀಲಿ, ಗಾಯದ ಸಾವು ಕೆಂಪು, ಉಳಿದದ್ದು ಕಪ್ಪು. ನೈರ್ಮಲ್ಯ ಆಯೋಗ ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಿಗೆ ಬಂದದ್ದು 1855ರ ಮಾರ್ಚಿನಲ್ಲಿ. ಆಮೇಲೆ ನೀಲಿ ಕುಗ್ಗಿತು. ಮೊದಲು ಮತ್ತು ಆಮೇಲೆ, ಹೋಲಿಕೆಗೆ ಇನ್ನೊಂದು ಗುಂಪಿಲ್ಲ. ಅದೇ ಹೊತ್ತಿಗೆ ಚಳಿಗಾಲವೂ ಮುಗಿದಿತ್ತು. ಅಂದರೆ ನಮ್ಮ ಎಸ್‌ಟಿಪಿಯ ಅಜ್ಜಿಯನ್ನೇ ಗೋಡೆಗೆ ಅಂಟಿಸಿದಂತಾಯಿತು.

ಆಕೆಯ ನಿಜವಾದ ಹರಿತ ಇನ್ನೊಂದು ಚಿತ್ರದಲ್ಲಿದೆ. ಅದಕ್ಕೆ ಅಂದವಿಲ್ಲ, ಹಾಗಾಗಿ ಪೋಸ್ಟರಿಗೆ ಏರಲಿಲ್ಲ. ಬರೀ ಜೋಡಿ ಗೆರೆಗಳು: ಒಂದು ಅದೇ ವಯಸ್ಸಿನ ಸಾಮಾನ್ಯ ಇಂಗ್ಲಿಷ್ ಗಂಡಸರ ಸಾವಿನ ಪ್ರಮಾಣ, ಪಕ್ಕದ್ದು ಯುದ್ಧವಿಲ್ಲದ ಕಾಲದಲ್ಲಿ ಸ್ವದೇಶದ ಬ್ಯಾರಕಿನಲ್ಲಿದ್ದ ಸೈನಿಕರದ್ದು. ಪ್ರತಿ ವಯೋಗುಂಪಿನಲ್ಲೂ ಸೈನಿಕರ ಗೆರೆ ಉದ್ದ. 20ರಿಂದ 25ರವರಲ್ಲಿ ಸುಮಾರು ಎರಡರಷ್ಟು. ಸೈನ್ಯಕ್ಕೆ ಆರಿಸಿಕೊಂಡವರು ಗಟ್ಟಿಮುಟ್ಟಾದವರು, ಅವರ ಗೆರೆ ಗಿಡ್ಡವಿರಬೇಕಿತ್ತು. ಯಾರ ಜೊತೆ ಹೋಲಿಸಿದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ, ಎಷ್ಟು ಜನರಲ್ಲಿ ಎಷ್ಟು ಎಂಬುದೂ ಇದೆ. ಭಾರತಕ್ಕೆ ಕಾಲಿಡದೆಯೇ ಇಲ್ಲಿನ ದಂಡುಗಳಿಂದ ಪ್ರಶ್ನಾವಳಿ ತುಂಬಿಸಿ ತರಿಸಿಕೊಂಡು 1863ರ ಆಯೋಗದ ವರದಿಗೆ ಆಕೆ ದುಡಿದಾಗಲೂ ವಾದ ನಿಂತದ್ದು ಸಾವಿರಕ್ಕೆ 69 ಸಾವು ಎಂಬ ದರದ ಮೇಲೆ.

ದರ ಎಂದಮೇಲೆ ವಾರ್ಡಿಗೆ ಬರಲೇಬೇಕು. ಎನ್‌ಎಬಿಎಚ್ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಇನ್ಫೆಕ್ಷನ್ ಕಂಟ್ರೋಲ್ ನರ್ಸಿನ ರಿಜಿಸ್ಟರು ತೆರೆದರೆ ಅಲ್ಲಿರುವುದೆಲ್ಲ ಸಂಖ್ಯಾಶಾಸ್ತ್ರ. ಮೂತ್ರದ ಕ್ಯಾಥೆಟರಿನಿಂದ ಬಂದ ಸೋಂಕು ಒಂದು ವಾರ್ಡಿನಲ್ಲಿ ಮೂರು, ಇನ್ನೊಂದರಲ್ಲಿ ಎರಡು ಎಂದಿಟ್ಟುಕೊಳ್ಳಿ. ಯಾವ ವಾರ್ಡಿನ ಸಿಸ್ಟರನ್ನು ಮೀಟಿಂಗಿಗೆ ಕರೆಯಬೇಕು? ಮೊದಲನೆಯದರಲ್ಲಿ ಆ ತಿಂಗಳು 600 ಕ್ಯಾಥೆಟರ್ ದಿನಗಳು, ಎರಡನೆಯದರಲ್ಲಿ 150. ಸಾವಿರ ಕ್ಯಾಥೆಟರ್ ದಿನಕ್ಕೆ ಲೆಕ್ಕ ಹಾಕಿದರೆ 5 ಮತ್ತು 13.3. ಆ 150 ಸಿಗಬೇಕಾದರೆ ಯಾರೋ ಒಬ್ಬಳು ದಿನವೂ ಒಂದೇ ಹೊತ್ತಿಗೆ ಹಾಸಿಗೆ ಹಾಸಿಗೆಗೆ ಹೋಗಿ ಕ್ಯಾಥೆಟರ್ ಇದ್ದವರನ್ನು ಎಣಿಸಿರಬೇಕು. ಭಾನುವಾರ ಎಣಿಸದೆ ಶನಿವಾರದ್ದನ್ನೇ ಬರೆದರೆ ಛೇದವೇ ಹಾಳು. ಸೋಂಕು ನಿಯಂತ್ರಣದ ಪಾಠ ಮೈಕ್ರೋಬಯಾಲಜಿಯ ಜೊತೆ ಮೂರನೆಯ ಸೆಮಿಸ್ಟರಿನಲ್ಲಿ ಮುಗಿದಿರುತ್ತದೆ, ಸ್ಟ್ಯಾಟ್ಸ್ ಏಳನೆಯದರಲ್ಲಿ. ಎರಡನ್ನೂ ಪಾಸು ಮಾಡಿದ ವಿದ್ಯಾರ್ಥಿನಿಗೆ ಇವು ಒಂದೇ ವಿಷಯವೆಂದು ಹೇಳುವ ಜವಾಬ್ದಾರಿ ಯಾರದೂ ಅಲ್ಲ.

ಎಸ್‌ಟಿಪಿಯ ಬದಲಿಗೆ ನಾನು ಆ ಎರಡನೆಯ ವಾರ್ಡನ್ನೇ ಪ್ರಾಜೆಕ್ಟಿಗೆ ಕೊಡುತ್ತೇನೆ. ಮುಂದಿನ ತಿಂಗಳು ಅಲ್ಲಿ ಸೋಂಕು ಸೊನ್ನೆ, ಕ್ಯಾಥೆಟರ್ ದಿನಗಳು 140. ನರ್ಸಿಂಗ್ ಸೂಪರಿಂಟೆಂಡೆಂಟ್ ಕೈತೊಳೆಯುವ ಅಭಿಯಾನದ ಫಲವೆಂದು ಕೇಕ್ ತರಿಸುತ್ತಾರೆ. ದರ ನಿಜಕ್ಕೂ 13.3ರಲ್ಲೇ ಉಳಿದಿದ್ದರೂ 140 ದಿನಗಳಲ್ಲಿ ನಿರೀಕ್ಷಿಸಬಹುದಾದದ್ದು ಎರಡಕ್ಕೂ ಕಡಿಮೆ. ಅಂಥ ತಿಂಗಳುಗಳಲ್ಲಿ ಆರೇಳಕ್ಕೊಂದು ತಾನಾಗಿಯೇ ಸೊನ್ನೆಯಾಗುತ್ತದೆ. ಕೇಕ್ ಕತ್ತರಿಸಲು ಇನ್ನೆಷ್ಟು ತಿಂಗಳು ಕಾಯಬೇಕು ಎಂಬುದು ಹತ್ತು ಅಂಕದ ಪ್ರಶ್ನೆ.