ಓದುವ ಭಾಷಣ, ಆಡುವ ಭಾಷಣ

ಬೀದರ್ ನಗರದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಬಾರಿ ನಡೆದಿದೆ. 1960ರಲ್ಲಿ ಡಿ.ಎಲ್. ನರಸಿಂಹಾಚಾರ್, 1985ರಲ್ಲಿ ಹಾ.ಮಾ. ನಾಯಕ, 2006ರಲ್ಲಿ ಶಾಂತರಸ ಅಧ್ಯಕ್ಷರಾಗಿದ್ದರು. ಸಮ್ಮೇಳನಾಧ್ಯಕ್ಷರ ಭಾಷಣ ಮೊದಲೇ ಅಚ್ಚಾಗಿ ಬರುವುದು ವಾಡಿಕೆ. ಅದು ದಾಖಲೆಯಾಗಿ ಉಳಿಯುತ್ತದೆ, ಸರಿಯೇ. ಆದರೆ ಬಡಾವಣೆಯ ಸಣ್ಣ ಸಭೆಗಳೂ ಅದನ್ನೇ ಅನುಕರಿಸುತ್ತಿವೆ ಎಂಬುದು ನಮ್ಮ ತಕರಾರು. ರಾಜ್ಯೋತ್ಸವವಿರಲಿ, ಪುಸ್ತಕ ಬಿಡುಗಡೆಯಿರಲಿ, ಭಾಷಣಕಾರರು ಹಾಳೆಗಳ ಕಟ್ಟು ತೆಗೆದು ತಲೆ ಎತ್ತದೆ ಓದುತ್ತಾರೆ.

ಚಿದ್ರಿಯಂಥ ಕಡೆ ಇದರ ನಷ್ಟ ಹೆಚ್ಚು. ಬೀದರಿನ ಎಷ್ಟೋ ಮನೆಗಳ ಮಾತು ದಖನಿ ಉರ್ದು, ಮರಾಠಿ ಅಥವಾ ತೆಲುಗು. ಇಲ್ಲಿನ ಕನ್ನಡವೂ ಪುಸ್ತಕದ ಕನ್ನಡವಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಕನ್ನಡ ಕಲಿತವರಿಗೆ ಅರ್ಧ ಪುಟದಷ್ಟು ಉದ್ದದ ವಾಕ್ಯ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಅವರು ಎದ್ದು ಹೋದರೆ, ಕನ್ನಡದ ಬಗ್ಗೆ ಆಸಕ್ತಿಯಿಲ್ಲ ಎಂಬ ಆರೋಪ ಬೇರೆ!

ಆಡುಮಾತಿನ ಪರಂಪರೆ ಈ ನೆಲಕ್ಕೆ ಹೊಸದೇನಲ್ಲ. ಶರಣರ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ವಚನ ಎಂದರೇ ಮಾತು. ಮುಶಾಯಿರಾದಲ್ಲಿ ಕೇಳುಗರು ‘ಮುಕರ್ರರ್’ ಎಂದರೆ ಕವಿ ಅದೇ ಸಾಲನ್ನು ಮತ್ತೆ ಹೇಳುತ್ತಾರೆ. ಹಾಳೆಯಲ್ಲೇ ಕಣ್ಣಿಟ್ಟವರಿಗೆ ಕೇಳುಗರ ಮುಖವೇ ಕಾಣುವುದಿಲ್ಲ. ಶುಕ್ರವಾರ ಹಲವು ಮಸೀದಿಗಳಲ್ಲಿ ಖತೀಬರು ಅರಬಿ ಖುತ್ಬಾವನ್ನು ಪುಸ್ತಕ ನೋಡಿ ಓದುತ್ತಾರೆ. ಅದಕ್ಕೆ ಮೊದಲಿನ ಬಯಾನನ್ನು ಮಾತ್ರ ಜನರ ಭಾಷೆಯಲ್ಲಿ, ಜನರನ್ನು ನೋಡುತ್ತಲೇ ಹೇಳುತ್ತಾರೆ. ಒಂದೇ ಕಡೆ ಎರಡು ವಿಧಾನ, ಎರಡಕ್ಕೂ ಅದರದರ ಕಾರಣವಿದೆ.

ಹಾಗೆಂದು ಬಾಯಿಗೆ ಬಂದದ್ದನ್ನು ಆಡುವುದು ವಾಕ್ಚಾತುರ್ಯವಲ್ಲ. ಸಿದ್ಧತೆಯಿಲ್ಲದೆ ಮೈಕ್ ಹಿಡಿದವರ ಒಂದು ಮಾತು ಊರಿನ ನೆಮ್ಮದಿ ಕೆಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಂಕಿಅಂಶ, ಠರಾವು, ಧರ್ಮಗ್ರಂಥದ ಉಲ್ಲೇಖಗಳನ್ನು ಬರೆದು ತಂದು ಓದುವುದೇ ಕ್ಷೇಮ. ಇನ್ನು ಶಾಲೆಯ ಭಾಷಣ ಸ್ಪರ್ಧೆಗಳ ಬಾಯಿಪಾಠ. ಒಂದು ಪದ ಮರೆತರೆ ಮಗು ಅಲ್ಲೇ ನಿಂತುಬಿಡುತ್ತದೆ. ಉಚ್ಚಾರಕ್ಕೆ, ಹಾವಭಾವಕ್ಕೆ ಅಂಕ ಸಿಗುತ್ತದೆ. ವಿಷಯ ಅರ್ಥವಾಗಿದೆಯೇ ಎಂದು ಮಗುವನ್ನು ಕೇಳುವವರು ಅಪರೂಪ.

ನಮಗೆ ಹಿಡಿಸುವುದು ಚೀಟಿಯ ಭಾಷಣ. ಅಂಗೈಯಗಲದ ಕಾಗದದಲ್ಲಿ ನಾಲ್ಕೈದು ಅಂಶ, ತಪ್ಪಬಾರದ ಅಂಕಿಗಳು, ಕೊನೆಯ ವಾಕ್ಯ. ಉಳಿದುದನ್ನು ಎದುರಿಗಿರುವವರನ್ನು ನೋಡಿ ಹೇಳಬೇಕು. ಅವರಿಗೆ ಹತ್ತಲಿಲ್ಲ ಅನ್ನಿಸಿದರೆ ಉದಾಹರಣೆ ಬದಲಿಸಬೇಕು, ಬೇಕಾದರೆ ಒಂದು ಮಾತು ದಖನಿಯಲ್ಲಿ ಹೇಳಿ ಮತ್ತೆ ಕನ್ನಡಕ್ಕೆ ಬರಬೇಕು. ಪೂರ್ಣ ಲೇಖನವನ್ನು ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಲಿ. ಬೇಕಾದವರು ಮನೆಗೆ ಒಯ್ದು ಓದಿಕೊಳ್ಳುತ್ತಾರೆ.