ಕಾಫಿಯ ತೋಟವೂ ಕರುಣರಸವೂ

ಡೆನ್ಮಾರ್ಕಿನ ಲೇಖಿಕೆ ಕರೆನ್ ಬ್ಲಿಕ್ಸೆನ್ ೧೯೩೭ರಲ್ಲಿ ಪ್ರಕಟಿಸಿದ ‘ಔಟ್ ಆಫ್ ಆಫ್ರಿಕ’ ಎಂಬ ಗ್ರಂಥವು ಗದ್ಯದಲ್ಲಿ ರಚಿತವಾದ ಶೋಕಕಾವ್ಯವೆಂದು ಪ್ರಸಿದ್ಧವಾಗಿದೆ. ಆ ಪ್ರಸಿದ್ಧಿಯು ಅನ್ಯಾಯವಾದುದಲ್ಲ. ಕೆನ್ಯ ದೇಶದ ಎನ್‌ಗಾಂಗ್ ಬೆಟ್ಟಗಳ ತಪ್ಪಲಲ್ಲಿ ಹದಿನೇಳು ವರ್ಷ ಬಾಳಿ, ಕಡೆಗೆ ತೋಟವನ್ನು ಮಾರಿ, ೧೯೩೧ರಲ್ಲಿ ಬರಿಗೈಯಿಂದ ತಾಯಿಯ ಮನೆಗೆ ಹಿಂದಿರುಗಿದ ಹೆಂಗಸೊಬ್ಬಳು ತನ್ನ ನಷ್ಟವನ್ನು ಹೇಳಿಕೊಂಡಿರುವ ಬಗೆಯಲ್ಲಿ ಗೊಣಗಾಟವಿಲ್ಲ, ಆತ್ಮಮರುಕವಿಲ್ಲ. ಆದರೆ ಈ ಗ್ರಂಥವು ಒಂದು ಕುಟುಂಬದ ವ್ಯಾಪಾರದ ಚರಿತ್ರೆಯೂ ಆಗಿದೆಯೆಂಬುದನ್ನು ಬಹುಮಂದಿ ವಾಚಕರು ಗಮನಿಸುವುದಿಲ್ಲ. ಗಮನಿಸದಂತೆ ಲೇಖಿಕೆಯೇ ಅದನ್ನು ನೇಯ್ದಿದ್ದಾಳೆ.

ಚರಿತ್ರೆಯು ಸಂಕ್ಷೇಪವಾಗಿ ಹೀಗಿದೆ. ಸ್ವೀಡನ್ನಿನ ಬ್ರೋರ್ ಬ್ಲಿಕ್ಸೆನ್ ಎಂಬ ಶ್ರೀಮಂತಮನೆತನದವನನ್ನು ವರಿಸಿದ ಆಕೆ ೧೯೧೪ರ ಜನವರಿಯಲ್ಲಿ ಮೊಂಬಾಸ ಬಂದರಿನಲ್ಲಿಳಿದು ಅಲ್ಲಿಯೇ ವಿವಾಹವಾದಳು. ಮೊದಲು ಯೋಚಿಸಿದ್ದುದು ಹಾಲಿನ ದನಗಳ ಸಾಕಣೆ. ಪತಿಯು ಮುಂಚಿತವಾಗಿ ಬಂದವನು ಮನಸ್ಸು ಬದಲಿಸಿ ಕಾಫಿಯ ತೋಟವನ್ನು ಕೊಂಡುಬಿಟ್ಟಿದ್ದನು. ಹಣವು ಅವನದಲ್ಲ, ವಧುವಿನ ಬಂಧುಗಳದು. ಸಯಾಮಿನಲ್ಲಿ ಎಂಜಿನಿಯರಾಗಿ ಐಶ್ವರ್ಯ ಗಳಿಸಿದ್ದ ಸೋದರಮಾವ ಓಗೆ ವೆಸ್ಟೆನ್‌ಹೋಲ್ಟ್ಸನು ‘ಕರೆನ್ ಕಾಫಿ ಕಂಪೆನಿ’ಯ ಅಧ್ಯಕ್ಷನಾದನು, ಬಂಧುಗಳು ಷೇರುದಾರರಾದರು. ಪತಿಯ ವ್ಯವಹಾರಜ್ಞಾನವು ಬೇಟೆಗಾರನ ವ್ಯವಹಾರಜ್ಞಾನವಾಗಿದ್ದಿತು. ೧೯೨೧ರಲ್ಲಿ ಕಂಪೆನಿಯವರು ಅವನನ್ನು ತೆಗೆದು ಆಡಳಿತವನ್ನು ಆಕೆಯ ಕೈಗೆ ಕೊಟ್ಟರು. ಸೋದರನಾದ ಥಾಮಸನು ಬಂದು ಕೆಲವು ವರ್ಷ ಜೊತೆಯಲ್ಲಿ ದುಡಿದನು. ೧೯೨೩ರಲ್ಲಿ ಕಾಫಿಯ ಕಾರ್ಖಾನೆ ಸುಟ್ಟುಹೋಯಿತು. ೧೯೨೫ರಲ್ಲಿ ವಿವಾಹವು ಮುರಿಯಿತು. ಅನಂತರದ ಆರು ವರ್ಷಗಳು ಸಾಲದೊಡನೆ ಹೋರಾಟ.

ಇಷ್ಟರಲ್ಲಿ ಎಷ್ಟು ಭಾಗವು ಗ್ರಂಥದಲ್ಲಿದೆ? ಬಹು ಸ್ವಲ್ಪ. ಪತಿಯು ಮಹಾಯುದ್ಧದ ಪ್ರಸಂಗದಲ್ಲಿ ಒಮ್ಮೆ ಸುಳಿದು ಮರೆಯಾಗುತ್ತಾನೆ. ಮಾವನ ಹೆಸರೇ ಇಲ್ಲ. ಊರಿನಲ್ಲಿದ್ದ ಬಂಧುಗಳಿಗೆ ತೋಟದಲ್ಲಿ ಷೇರುಗಳಿದ್ದುವೆಂಬ ಸಂಗತಿಯು ಐದನೆಯ ಹಾಗೂ ಕಡೆಯ ಭಾಗದಲ್ಲಿ, ಅವರು ಮಾರಬೇಕೆಂದು ಪತ್ರ ಬರೆದ ಸಂದರ್ಭದಲ್ಲಿ, ಹೋಗುತ್ತ ಹೋಗುತ್ತ ಹೇಳಿದಂತೆ ಬರುತ್ತದೆ. ಅಲ್ಲಿಯವರೆಗೆ ತೋಟವು ಒಬ್ಬಳದೇ ಎಂಬಂತೆ ಕಥೆಯು ನಡೆದಿರುತ್ತದೆ. ಗ್ರಂಥದ ಮೊಟ್ಟಮೊದಲನೆಯ ವಾಕ್ಯವೇ ಏಕವಚನದ ಒಡೆತನವನ್ನು ಸಾರುತ್ತದೆ. ಆಕೆ ಆಫ್ರಿಕದಿಂದ ಮನೆಗೆ ಬರೆದ ಪತ್ರಗಳು ೧೯೭೮ರಲ್ಲಿ ಡೇನಿಷ್ ಭಾಷೆಯಲ್ಲಿ ಅಚ್ಚಾದ ಮೇಲೆ ಈ ಮರೆಯು ಎಷ್ಟು ದಪ್ಪವಾದುದೆಂಬುದು ಗೊತ್ತಾಯಿತು. ಪತ್ರಗಳ ತುಂಬ ಹಣದ ಚಿಂತೆ. ಗ್ರಂಥದ ತುಂಬ ಆಕಾಶ.

ಕವಿಯು ಲೆಕ್ಕದ ಪುಸ್ತಕವನ್ನು ಬಿಟ್ಟನೆಂದು ಆಕ್ಷೇಪಿಸುವುದು ಅರಸಿಕತನವೆನ್ನಬಹುದು. ಲೆಕ್ಕವು ಬಂದಿರುವ ಕಡೆಗಳಲ್ಲಿ ಬರಹವು ಕುಂದಿದ್ದರೆ ಆ ಮಾತು ಒಪ್ಪತಕ್ಕುದೇ. ಸಂಗತಿಯು ಅದಕ್ಕೆ ವಿರುದ್ಧವಾಗಿದೆ. ಕಾಫಿಯ ವಿಚಾರ ಬಂದಲ್ಲೆಲ್ಲ ಗದ್ಯವು ನೆಲದ ಮೇಲೆ ಕಾಲೂರಿ ನಿಲ್ಲುತ್ತದೆ. ಎಕರೆಗೆ ಆರು ನೂರು ಗಿಡ, ಅಂತಹ ಎಕರೆಗಳು ಆರು ನೂರು. ಎಂದರೆ ಮೂರು ಲಕ್ಷ ಅರುವತ್ತು ಸಾವಿರ ಗಿಡಗಳು. ಮಳೆಯಲ್ಲಿ ಸಾಲುಹಿಡಿದು ನೆಡಬೇಕು, ನಾಲ್ಕೈದು ವರ್ಷ ಫಲಕ್ಕೆ ಕಾಯಬೇಕು, ಕಳೆಯೊಡನೆ ಎಡೆಬಿಡದೆ ಕಾದಾಡಬೇಕು. ಹಣ್ಣು ಬಿಡಿಸುವಾಗ ಹೆಂಗಸರು ಮಕ್ಕಳೆಲ್ಲರೂ ತೋಟಕ್ಕಿಳಿಯುತ್ತಾರೆ. ರಾತ್ರಿಯೆಲ್ಲ ಒಣಗಿಸುವ ಯಂತ್ರದ ದೊಡ್ಡ ಪೀಪಾಯಿ ತಿರುಗುತ್ತದೆ. ಮೂಟೆಗಳನ್ನು ಹೇರಿ, ಬಂಡಿಗೆ ೧೬ ಎತ್ತುಗಳನ್ನು ಹೂಡಿ ನೈರೋಬಿಯ ರೈಲುನಿಲ್ದಾಣಕ್ಕೆ ಅಟ್ಟುತ್ತಾರೆ. ಹೂವು ಅರಳಿದ ತೋಟದ ವರ್ಣನೆಯನ್ನು ಹೂಮಳೆಗಾಗಿ ಮುಗಿಲನ್ನು ನೋಡಿ ಕುಳಿತ ಮಲೆನಾಡಿನ ಬೆಳೆಗಾರನೇ ಬರೆದನೋ ಎಂಬಷ್ಟು ನಿಜವಾಗಿದೆ.

ಅವನತಿಯ ಕಾರಣಗಳನ್ನೂ ಆಕೆ ಮುಚ್ಚಿಟ್ಟಿಲ್ಲ. ತೋಟವಿದ್ದುದು ಆರು ಸಾವಿರ ಅಡಿಗಿಂತ ಮೇಲೆ. ಕಾಫಿಗೆ ಅದು ಎತ್ತರವಾಯಿತು. ತಗ್ಗಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಚಿಗುರು ಕಪ್ಪಾಗುತ್ತಿತ್ತು. ಬಯಲಿನ ಗಾಳಿ ಹೊಡೆಯುತ್ತಿತ್ತು. ಥೀಕ, ಕಿಯಾಂಬು ಮೊದಲಾದ ತಗ್ಗುಪ್ರದೇಶದ ತೋಟಗಳ ಇಳುವರಿಯು ಇಲ್ಲಿ ಒಳ್ಳೆಯ ವರ್ಷದಲ್ಲಿಯೂ ಬರಲಿಲ್ಲ. ಅದರ ಮೇಲೆ ಅನಾವೃಷ್ಟಿ, ಅದರ ಮೇಲೆ ಬೆಲೆಯ ಕುಸಿತ. ಟನ್ನಿಗೆ ನೂರು ಪೌಂಡು ಬರುತ್ತಿದ್ದುದು ಅರುವತ್ತೆಪ್ಪತ್ತಕ್ಕಿಳಿಯಿತು. ಈ ಪುಟಗಳಲ್ಲಿ ಉಪಮೆಗಳು ವಿರಳ, ವಾಕ್ಯಗಳು ಗಿಡ್ಡ. ಸಿಂಹಗಳ ಬೇಟೆಗಿಂತಲೂ, ಪ್ರಿಯಮಿತ್ರನಾದ ಡೆನಿಸ್ ಫಿಂಚ್ ಹ್ಯಾಟನ್ನನ ವಿಮಾನವಿಹಾರಕ್ಕಿಂತಲೂ ಈ ಕೆಲವು ಪುಟಗಳು ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತವೆ.

ಪ್ರಧಾನವಾದ ಪ್ರಶ್ನೆಯು ಬೇರೆಯಿದೆ. ಗ್ರಂಥದ ಅಂಗಿರಸವು ಕರುಣವೆಂಬುದು ನಿರ್ವಿವಾದ. ಆ ಕರುಣಕ್ಕೆ ಆಲಂಬನವಾರು? ತೋಟವನ್ನು ಕಳೆದುಕೊಂಡ ಒಡತಿಯೆಂದು ಗ್ರಂಥದ ವಿನ್ಯಾಸವು ಹೇಳುತ್ತದೆ. ಆದರೆ ಆರು ಸಾವಿರ ಎಕರೆಯಲ್ಲಿ ಸುಮಾರು ಸಾವಿರ ಎಕರೆಯು ಕಿಕುಯು ಜನರು ಗುಡಿಸಲು ಕಟ್ಟಿಕೊಂಡು ಉಳುತ್ತಿದ್ದ ನೆಲ. ೧೯೧೫ರ ಭೂಶಾಸನವು ಆ ಜನರನ್ನು ಸರಕಾರದ ಇಚ್ಛೆಯಿರುವವರೆಗಿನ ಗೇಣಿದಾರರನ್ನಾಗಿ ಮಾಡಿತು. ೧೯೧೮ರ ಇನ್ನೊಂದು ಶಾಸನದ ಮೇರೆಗೆ ಅವರು ತಮ್ಮ ಹಿರಿಯರು ಹುಟ್ಟಿದ ನೆಲದಲ್ಲಿ ನಿಲ್ಲುವುದಕ್ಕಾಗಿ ವರ್ಷಕ್ಕೆ ೧೮೦ ದಿನ ಬಿಳಿಯ ಒಡೆಯನಿಗೆ ದುಡಿಯಬೇಕಾಯಿತು. ಅವರು ಕಾಫಿಯನ್ನು ಬಿಡಿಸಬಹುದಾಗಿತ್ತು, ಬೆಳೆಯುವಂತಿರಲಿಲ್ಲ. ಕಿಕುಯು ಸೀಮೆಯ ರೈತರಿಗೆ ಆ ಬೆಳೆಯು ವಿಸ್ತಾರವಾಗಿ ದಕ್ಕಿದ್ದು ೧೯೫೦ರ ದಶಕದಲ್ಲಿ.

ಬ್ಲಿಕ್ಸೆನ್ನಳ ಬುದ್ಧಿಯು ಇದನ್ನು ಕಂಡಿತ್ತು. ಈ ಜನರ ದೃಷ್ಟಿಯಲ್ಲಿ ತಾನೇ ಅವರ ಭೂಮಿಯ ಮೇಲೆ ಬಂದು ಕುಳಿತ ಕೊಂಚ ದೊಡ್ಡ ಬಗೆಯ ಒಕ್ಕಲಾಗಿರಬಹುದೆಂಬ ಅರ್ಥದ ಮಾತನ್ನು ಆಕೆ ಮೊದಲ ಅಧ್ಯಾಯದಲ್ಲಿಯೇ ನಗುತ್ತ ಆಡಿದ್ದಾಳೆ. ನಗುತ್ತ ಆಡಿದುದೇ ಇಲ್ಲಿಯ ಕೊರತೆ. ಆ ಮಾತನ್ನು ಹಿಡಿದು ಮುಂದುವರಿದಿದ್ದರೆ ಗ್ರಂಥದ ವ್ಯೂಹವೇ ಬೇರೆಯಾಗುತ್ತಿತ್ತು. ಅದಕ್ಕೆ ಬದಲಾಗಿ ಕಿಕುಯು ಜನರನ್ನು ಮೃಗಪಕ್ಷಿಗಳಿಗೆ ಹೋಲಿಸುವ ಉಪಮೆಗಳು ಮೇಲಿಂದ ಮೇಲೆ ಬರುತ್ತವೆ. ಕೆನ್ಯದ ಮಹಾಲೇಖಕ ಗೂಗಿ ವಾ ಥಿಯಾಂಗೊ ಈ ಕಾರಣದಿಂದಲೇ ಗ್ರಂಥವನ್ನು ಜನಾಂಗದ್ವೇಷದ ಕೃತಿಯೆಂದು ಕಟುವಾಗಿ ಖಂಡಿಸಿದರು. ಉಪಮೆಗಳ ಮಟ್ಟಿಗೆ ಆ ಖಂಡನೆಗೆ ಉತ್ತರವಿಲ್ಲ. ಲೇಖಿಕೆಯ ಪ್ರೀತಿಯು ನಿಜವಾದುದೆಂಬ ಸಮಾಧಾನವು ಸಮಾಧಾನವಾಗಲಾರದು, ಪ್ರೀತಿಗೂ ಸಮಾನತೆಗೂ ದೂರವುಂಟು.

ಆದರೂ ಖಂಡನೆಯೊಳಗೆ ಹಿಡಿಯದೆ ಉಳಿಯುವ ಒಂದು ಪ್ರಸಂಗವಿದೆ. ತೋಟವು ಮಾರಾಟವಾದ ಮೇಲೆ ಒಕ್ಕಲುಗಳು ಬಂದು, ತಾವೆಲ್ಲಿಗೆ ಹೋಗಬೇಕೆಂದು ಕೇಳುತ್ತಾರೆ. ಅವರಿಗೆ ಬೇಕಾದುದು ಬರಿಯ ನೆಲವಲ್ಲ. ಎಲ್ಲರೂ ಒಟ್ಟಿಗೆ ಇರತಕ್ಕ ನೆಲ. ಕಾನೂನಿನಂತೆ ಅವರು ನೆಲವನ್ನು ಕೊಳ್ಳುವಂತಿಲ್ಲ. ನೆಲವನ್ನು ಕಸಿದುಕೊಂಡರೆ ಒಂದು ಜನದ ಪೂರ್ವಸ್ಮೃತಿಯನ್ನೇ ಕಸಿದುಕೊಂಡಂತೆ ಎಂಬ ಅಭಿಪ್ರಾಯವು ಇಲ್ಲಿ ಬರುತ್ತದೆ. ಆಕೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಕೊನೆಗೆ ಸರಕಾರವು ದಾಗೊರೆಟ್ಟಿಯ ಕಾದಿಟ್ಟ ಅರಣ್ಯದಲ್ಲಿ ಒಂದು ಪಾಲನ್ನು ಅವರಿಗೆ ಬಿಟ್ಟುಕೊಡುತ್ತದೆ. ಈ ಭಾಗದಲ್ಲಿ ಆಲಂಬನವು ತಾನಾಗಿಯೇ ಪಲ್ಲಟವಾಗುತ್ತದೆ: ಒಡತಿಯ ಶೋಕವು ಹಿಂದೆ ಸರಿದು, ಅಂಗಳದಲ್ಲಿ ಮಾತಿಲ್ಲದೆ ಕುಳಿತ ಮುದುಕರು ಮುಂದಕ್ಕೆ ಬರುತ್ತಾರೆ. ಇಲ್ಲಿ ಲೇಖಿಕೆಗೆ ಒಂದು ಉಪಮೆಯೂ ಬೇಕಾಗಿಲ್ಲ. ಕೈತಪ್ಪಿದ ತೋಟದಿಂದಲೇ ಆಕೆಗೆ ಈ ಅರಿವು ಬಂದಿತೋ, ಮೊದಲೇ ಇದ್ದುದು ಆಗ ನಾಲಗೆಗೆ ಬಂದಿತೋ, ಗ್ರಂಥವು ಹೇಳುವುದಿಲ್ಲ.

ಒಂದು ವರ್ಷದ ತರುವಾಯ, ೧೯೩೮ರಲ್ಲಿ, ಕಿಕುಯು ಜನದವನೇ ಆದ ಜೋಮೊ ಕೆನ್ಯಾಟನು ತನ್ನವರ ಬಾಳನ್ನು ಕುರಿತು ‘ಫೇಸಿಂಗ್ ಮೌಂಟ್ ಕೆನ್ಯ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಯಾವ ನೆಲ ಯಾವ ಕುಲಕ್ಕೆ ಹೇಗೆ ಸೇರಿದ್ದಿತೆಂಬ ವಿವರಣೆಯು ಅದರಲ್ಲಿದೆ. ಕಾವ್ಯದ ಮಾಟದಲ್ಲಿ ಅದು ಬ್ಲಿಕ್ಸೆನ್ನಳ ಗ್ರಂಥಕ್ಕೆ ಸಾಟಿಯಲ್ಲ. ಆದರೆ ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು ಓದಿದವನಿಗೆ ಕಾಫಿಯ ಸಾಲುಗಳ ಕೆಳಗಿದ್ದ ಹಳೆಯ ಎಲ್ಲೆಕಲ್ಲುಗಳು ಕಾಣುತ್ತವೆ.

ತೋಟವನ್ನು ಕೊಂಡವರು ಗಿಡಗಳನ್ನು ಕಿತ್ತು ಮನೆಯ ನಿವೇಶನಗಳನ್ನು ಮಾಡುವ ಉದ್ದೇಶದವರು. ಇಂದು ಅದು ಕರೆನ್ ಎಂಬ ಹೆಸರಿನ ನೈರೋಬಿಯ ಬಡಾವಣೆ. ಆಕೆಯ ಮನೆಯು ೧೯೮೬ರಿಂದ ವಸ್ತುಸಂಗ್ರಹಾಲಯ. ಗ್ರಂಥವನ್ನು ಆಕೆ ಇಂಗ್ಲಿಷಿನಲ್ಲಿಯೂ ಡೇನಿಷಿನಲ್ಲಿಯೂ ತಾನೇ ಸಿದ್ಧಪಡಿಸಿದಳು. ಇಂಗ್ಲಿಷ್ ಶೀರ್ಷಿಕೆಯು ಒಂದು ಖಂಡವನ್ನೇ ತನ್ನದಾಗಿಸಿಕೊಂಡಿತು. ಡೇನಿಷ್ ಶೀರ್ಷಿಕೆಯ ಅರ್ಥವು ‘ಆಫ್ರಿಕದ ತೋಟ’ ಎಂದಿಷ್ಟೇ. ಕನ್ನಡಕ್ಕೆ ತರುವವರು ಎರಡನೆಯದನ್ನು ಆರಿಸಿಕೊಳ್ಳುವುದು ಲೇಸು.