ಮಸೀದಿಯ ಬಾಗಿಲಲ್ಲಿ ಯಾರಿರಬೇಕು?

ಮಸೀದಿಗಳು ‘ಸ್ಮಾರ್ಟ್’ ಆಗಬೇಕೆಂಬ ಮಾತು ಈಗ ಮತ್ತೆ ಮತ್ತೆ ಕೇಳಿಬರುತ್ತಿದೆ. ಕ್ಯೂಆರ್ ಕೋಡ್, ಮೊಬೈಲ್ ಆ್ಯಪ್, ಹಲವು ಭಾಷೆಗಳ ಧ್ವನಿ ಮಾರ್ಗದರ್ಶಿ ಇದ್ದರೆ ಪ್ರವಾಸಿಗರು ಬರುತ್ತಾರೆ, ಇಸ್ಲಾಮಿನ ಪರಿಚಯವೂ ಆಗುತ್ತದೆ ಎಂಬುದು ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. ಧ್ವನಿವರ್ಧಕ ಮಸೀದಿಯೊಳಗೆ ಬರಬಹುದೇ ಎಂದು ವರ್ಷಗಟ್ಟಲೆ ಜಗಳಾಡಿದ ಸಮುದಾಯ ನಮ್ಮದು. ಇಂದು ಅದಿಲ್ಲದ ಜುಮಾ ಖುತ್ಬಾವನ್ನು ಊಹಿಸಲಾರೆವು.

ಆದರೆ ಯಾವ ತಂತ್ರಜ್ಞಾನ, ಯಾತಕ್ಕೆ? ಜಕಾರ್ತದ ಇಸ್ತಿಖ್ಲಾಲ್ ಮಸೀದಿಯನ್ನೇ ನೋಡಿ. 1978ರಲ್ಲಿ ಉದ್ಘಾಟನೆಗೊಂಡ ಈ ಬೃಹತ್ ಮಸೀದಿಯ ವಿನ್ಯಾಸ ಮಾಡಿದವರು ಫ್ರೆಡರಿಕ್ ಸಿಲಾಬನ್ ಎಂಬ ಕ್ರೈಸ್ತ ವಾಸ್ತುಶಿಲ್ಪಿ. ರಸ್ತೆಯ ಆಚೆ ಕ್ಯಾಥೊಲಿಕ್ ಕ್ಯಾಥೆಡ್ರಲ್ ಇದೆ. ಎರಡನ್ನೂ ನೆಲದಡಿಯಲ್ಲಿ ‘ಸ್ನೇಹದ ಸುರಂಗ’ ಜೋಡಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದು ಇಮಾಮ್ ನಸರುದ್ದೀನ್ ಉಮರ್ ಅವರನ್ನು ಭೇಟಿಯಾದರು. ಛಾವಣಿಯ ಮೇಲೆ ಸೌರಫಲಕಗಳಿವೆ, ನೀರಿನ ಮರುಬಳಕೆಯ ವ್ಯವಸ್ಥೆಯಿದೆ. 2022ರಲ್ಲಿ ವಿಶ್ವಬ್ಯಾಂಕ್ ಸಮೂಹದ ಹಸಿರು ಕಟ್ಟಡ ಪ್ರಮಾಣಪತ್ರವೂ ದೊರೆಯಿತು. ವುಝೂವಿನ ನೀರು ಪೋಲಾಗದಂತೆ ನೋಡಿಕೊಳ್ಳುವ ತಂತ್ರಜ್ಞಾನಕ್ಕೆ ಯಾರು ತಾನೇ ಬೇಡವೆಂದಾರು?

ಅದೇ ಮಸೀದಿಯ ಇನ್ನೊಂದು ಅನುಭವವೂ ಇದೆ. 2023ರ ರಮಝಾನಿನಲ್ಲಿ ಒಬ್ಬಾತ ಜಕಾರ್ತದ ಹಲವು ಮಸೀದಿಗಳ ಕಾಣಿಕೆ ಡಬ್ಬಿಗಳಿಗೆ ತನ್ನದೇ ಖಾತೆಯ ಕ್ಯೂಆರ್ ಸ್ಟಿಕರ್ ಅಂಟಿಸುತ್ತಾ ಹೋದ. ಇಸ್ತಿಖ್ಲಾಲ್ ಕೂಡಾ ಅದರಲ್ಲಿತ್ತು. ಪೊಲೀಸರು ಹಿಡಿಯುವಷ್ಟರಲ್ಲಿ ಸದಕಾದ ಹಣ ಅವನ ಜೇಬು ಸೇರಿತ್ತು. ಇಂದು ನಮ್ಮ ಮಸೀದಿಗಳ ಗೋಡೆಗಳಲ್ಲೂ ಯುಪಿಐ ಕೋಡುಗಳಿವೆ. ಅದು ಯಾರ ಖಾತೆಯದೆಂದು ವಾರಕ್ಕೊಮ್ಮೆಯಾದರೂ ಪರೀಕ್ಷಿಸುವ ಜಮಾಅತ್ ಕಮಿಟಿಗಳೆಷ್ಟು?

ಹಣ ಹೋದರೆ ಹೋಗಲಿ, ಮಾಹಿತಿ ಹೋದರೆ? ಕೋಟಿಗಟ್ಟಲೆ ಮುಸ್ಲಿಮರು ನಮಾಝಿನ ಸಮಯ, ಖಿಬ್ಲಾ ತಿಳಿಯಲು ಬಳಸುತ್ತಿದ್ದ ‘ಮುಸ್ಲಿಮ್ ಪ್ರೊ’ ಆ್ಯಪ್‌ನಿಂದ ಬಳಕೆದಾರರ ಸ್ಥಳ ಮಾಹಿತಿ ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ, ಅಲ್ಲಿಂದ ಅಮೆರಿಕದ ಸೇನಾ ಗುತ್ತಿಗೆದಾರರಿಗೆ ತಲುಪುತ್ತಿದೆಯೆಂದು 2020ರ ನವೆಂಬರಿನಲ್ಲಿ ವರದಿಯಾಯಿತು. ಗದ್ದಲವೆದ್ದ ಮೇಲೆ ಆ್ಯಪ್‌ನವರು ಸಂಬಂಧ ಕಡಿದುಕೊಂಡರು. ಮಸೀದಿಗೆ ಯಾರು, ಯಾವಾಗ ಬಂದರೆಂಬ ಪಟ್ಟಿ ಇಂದಿನ ಕಾಲದಲ್ಲಿ ಸಣ್ಣ ವಿಷಯವಲ್ಲ. ಅದೂ ಒಂದು ಅಮಾನತ್. ‘ಸ್ಮಾರ್ಟ್ ಮಸೀದಿ’ಯ ಪ್ರತಿಪಾದಕರು ಈ ಕುರಿತು ಬಾಯಿ ಬಿಡದಿರುವುದು ವಿಚಿತ್ರ.

ಇನ್ನು ಪರಿಚಯದ ವಿಷಯ. ನಜ್ರಾನಿನ ಕ್ರೈಸ್ತ ನಿಯೋಗವನ್ನು ಪ್ರವಾದಿ(ಸ)ಯವರು ಮದೀನಾದ ಮಸೀದಿಯಲ್ಲೇ ಬರಮಾಡಿಕೊಂಡರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಅಬುಧಾಬಿಯ ಶೇಖ್ ಝಾಯಿದ್ ಮಸೀದಿಯಲ್ಲಿ ಕೈಗೆ ಸಾಧನ ಕೊಡುತ್ತಾರೆ ನಿಜ. ಜೊತೆಗೆ ನಡೆದು ವಿವರಿಸುವ ಸ್ಥಳೀಯ ಯುವಕ ಯುವತಿಯರೂ ಅಲ್ಲಿದ್ದಾರೆ. ನಮ್ಮಲ್ಲಿ ನಡೆಯುವ ‘ಮಸೀದಿ ದರ್ಶನ’ ಕಾರ್ಯಕ್ರಮಗಳಿಗೆ ನೆರೆಮನೆಯವರು ಬರುವುದು ಕಮಾನು ನೋಡಲಲ್ಲ, ಕೇಳಲು. ಒಳಗೆ ಬಂದ ಸಹೋದರಿಯೊಬ್ಬಳು, “ನಿಮ್ಮ ಮನೆಯ ಹೆಂಗಸರು ಇಲ್ಲಿಗೆ ಬರುವುದಿಲ್ಲವೇ?” ಎಂದು ಕೇಳಿದರೆ ಧ್ವನಿ ಮಾರ್ಗದರ್ಶಿಯಲ್ಲಿ ಯಾವ ಗುಂಡಿ ಒತ್ತಬೇಕು?